ಬಿರಡೆ ಮರದ ನೆಲ

ಆದೋನಿ
13-11-2024, ಬುಧವಾರ

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆ ಪ್ರತಿಮಾಳ ಶರಣು.

ಸೊಂಟದ ನೋವು ಹೇಗಿದೆ? ವಾಕರ್ ಇಲ್ಲದೆ ನಾಲ್ಕು ಹೆಜ್ಜೆ ಹಾಕಿದಿರಂತೆ, ಮಹಾಲಕ್ಷ್ಮಿ ಅಕ್ಕ ಹೇಳಿದಾಗ ಕುಣಿಯುವಷ್ಟು ಖುಷಿಯಾಯಿತು. ಮಗಳ ಆರೈಕೆ ಚೆನ್ನಾಗಿಯೇ ಇರುತ್ತದೆ, ಆದರೆ ಬಳ್ಳಾರಿಯಲ್ಲಿ ಇನ್ನೆಷ್ಟು ದಿನ? ಯಾವಾಗ ಕರೆದರೂ “ಜಾರಿ ಬಿದ್ದ ಆ ಕಲ್ಲಿನ ಮ್ಯಾಲೆ ನಾ ಮತ್ತ ಕಾಲಿಡಂಗಿಲ್ಲವಾ” ಎಂದು ಫೋನ್ ಇಟ್ಟುಬಿಡುತ್ತೀರಿ. ಅದಕ್ಕೇ ಈ ಪತ್ರ.

ಅತ್ತೆ, ನಿಮ್ಮ ಕೋಣೆಯಲ್ಲಿ ಈಗ ಕಲ್ಲೇ ಕಾಣುವುದಿಲ್ಲ! ಮೇಲೆ ಕಾರ್ಕ್ ಹಾಸಿಸಿದ್ದೇವೆ. ನೆಲ ಹಾಕುವ ಹಾಲೇಶ್ ನಾಲ್ಕು ನಮೂನೆ ತಂದಿದ್ದ. ಬಾಟ್ಲಿ ಬಿರಡೆ ಮಾಡುವ ಮರದ ತೊಗಟೆ ಎಂದು ಅವನು ಹೇಳಿದ್ದೇ ತಡ, ಮಾವನವರು “ಲಿಂಗ ಕಟ್ಟಿದವರ ಮನಿಯಾಗ ಸೆರೆ ಬಾಟ್ಲಿ ಬಿರಡಿ ಹಾಸ್ತೀರೇನು?” ಎಂದು ಎದ್ದೇಬಿಟ್ಟರು. ಆದರೆ ಹತ್ತಿ ವ್ಯಾಪಾರದ ಕೈ ಸುಮ್ಮನಿರುತ್ತದೆಯೇ? ಒಂದು ತುಂಡನ್ನು ಹೆಬ್ಬೆರಳಿನಿಂದ ಒತ್ತಿ, “ಒತ್ತಿದ್ರ ಮತ್ತ ಎದ್ದು ಬರ್ತೈತಲ್ಲೋ!” ಎಂದು ಕರಗಿಹೋದರು. ನಾನು ದಪ್ಪದ್ದನ್ನೇ, ಅದೂ ತಿಳಿ ಬೆಲ್ಲದ ಬಣ್ಣದ್ದನ್ನೇ ಆರಿಸಿದೆ. ಬರಿಗಾಲಲ್ಲಿ ನಿಂತರೆ ಮೆತ್ತಗೆ, ಬೆಚ್ಚಗೆ ಇರುತ್ತದೆ, ಕಲ್ಲಿನಂತೆ ಜಾರುವುದಿಲ್ಲ.

ಹೋದ ವಾರ ಮಾತ್ರ ಎಲ್ಲ ಹಾಳಾಗುತ್ತಿತ್ತು. ಹಿಂಡಿದ ಬಟ್ಟೆಯಲ್ಲಿ ಒರೆಸಿ, ನೀರು ಮಾತ್ರ ಸುರಿಯಬೇಡಿ ಎಂದು ಹಾಲೇಶ್ ನೂರು ಸಲ ಹೇಳಿದ್ದ. ಆದರೆ ಕಾರ್ತಿಕ ಸೋಮವಾರ ನೋಡಿ! ಮಾವನವರು ಎದ್ದವರೇ ಪಡಸಾಲೆಯಿಂದ ನಿಮ್ಮ ಕೋಣೆಯವರೆಗೂ ಕೊಡಗಟ್ಟಲೆ ನೀರು ಹೊಯ್ದುಬಿಟ್ಟರು. ನಾನು ಕಿರುಚಿದರೆ, “ನೆಲಾ ತೊಳೀಲಾರದ ಪೂಜಿಗೆ ಹೆಂಗ ಕುಂದರ್ಲಿ?” ಎಂದು ನನ್ನನ್ನೇ ಕೇಳಿದರು. ನಿಮ್ಮ ಮಗ ಪಂಚೆ, ಟವೆಲ್, ನನ್ನ ಹಳೇ ಸೀರೆ ಎಲ್ಲ ಹಾಸಿ ನೀರು ಹೀರಿಸಿದರು. ಆದರೂ ಎರಡು ತುಂಡು ಉಬ್ಬಿದವು. ಹಾಲೇಶ್ ಗೊಣಗುತ್ತಲೇ ಬದಲಿಸಿಕೊಟ್ಟ. ಈಗ ಮಾವನವರದೇ ಕಾವಲು. ಮಂಚದ ಕಾಲುಗಳಿಗೆ ಬಟ್ಟೆ ಕಟ್ಟಿದ್ದಾರೆ, ಬಿಸಿಲಿಗೆ ಬಣ್ಣ ಮಾಸದಿರಲೆಂದು ಮಧ್ಯಾಹ್ನ ಪರದೆ ಎಳೆಯುತ್ತಾರೆ, ಕುರ್ಚಿ ಎಳೆದವರನ್ನು ಗದರುತ್ತಾರೆ. ನಿನ್ನೆ ನಾನೂ ಬೈಸಿಕೊಂಡೆ.

ಅಕ್ಕನಿಗೂ ಮಕ್ಕಳಿಗೂ ನಮ್ಮೆಲ್ಲರ ನೆನಪು ತಿಳಿಸಿ. ಮಾತ್ರೆ ತಪ್ಪಿಸಬೇಡಿ.

ನಿಮ್ಮ ಆಶೀರ್ವಾದ ಬೇಡುವ
ಪ್ರತಿಮಾ

ತಾ.ಕ.: ಈಗ ಬರೆಯದಿದ್ದರೆ ಇನ್ನೆಂದೂ ಬರೆಯಲಾರೆ. ನೀವು ಬಿದ್ದ ದಿನ ನಿಮ್ಮ ಕೋಣೆಯ ಬಾಗಿಲಲ್ಲಿ ನೀರು ಚೆಲ್ಲಿದವಳು ನಾನು. ಹಾಲು ಉಕ್ಕಿತೆಂದು ಓಡಿದೆ, ಒರೆಸುವುದು ಮರೆತೆ. ಆಸ್ಪತ್ರೆಯಲ್ಲಿ ನೀವು ಬಂದವರಿಗೆಲ್ಲ “ನಂದ ತಪ್ಪು, ಸೀರಿ ಕಾಲಿಗೆ ಸಿಕ್ತು” ಎನ್ನುತ್ತಿದ್ದಿರಿ. ನಾನು ಪಕ್ಕದಲ್ಲೇ ನಿಂತು ಸುಮ್ಮನಿದ್ದೆ. ತುಂಬಾ ನಾಚಿಕೆಯಾಗುತ್ತದೆ ಅತ್ತೆ. ಶನಿವಾರ ನಿಮ್ಮನ್ನು ಕರೆತರಲು ನಿಮ್ಮ ಮಗನ ಜೊತೆ ಕಾರಿನಲ್ಲಿ ನಾನೂ ಬರುತ್ತೇನೆ. ಬೈದು ಹತ್ತಿರಿ, ಬೈಯುತ್ತಲೇ ಹತ್ತಿರಿ, ಹತ್ತದೆ ಮಾತ್ರ ಇರಬೇಡಿ.