ಮಾವನ ಎದೆ

ಫೆಬ್ರವರಿ 6, 2006

ಕರೆಂಟು ಮತ್ತೆ ಹೋಗಿ ಬಂತು. ಲೈಬ್ರರಿ ಕಂಪ್ಯೂಟರ್ ಮೊದಲಿಂದ ಶುರು. ಥೀಸಿಸ್‌ಗಾಗಿ ಡೇಟಾಬೇಸ್‌ನಲ್ಲಿ ಗಣಿ ಎಂದು ಹುಡುಕಿದರೆ ಸಾವಿರಾರು ಲೇಖನ. ಎಲ್ಲೆಲ್ಲಿಯವೋ. ಲೈಬ್ರೇರಿಯನ್ ಗಂಗಾಂಬಿಕಾ ಮೇಡಂ ಹಿಂದೆ ಬಂದು ನಿಂತರು.

"ಒಂದ ಪದ ಹಾಕಿದ್ರ ಹಂಗ ಆಗೋದವಾ. ಎರಡು ಹಾಕು, ನಡುವ ಆ್ಯಂಡ್ ಹಾಕು. ಎರಡೂ ಇದ್ದದ್ದಷ್ಟ ಬರ್ತಾವ."

ಮೈನಿಂಗ್ ಆ್ಯಂಡ್ ಡಸ್ಟ್ ಎಂದು ಹಾಕಿದೆ. ಸಿಲಿಕೋಸಿಸ್ ಎಂಬ ರೋಗದ ಲೇಖನಗಳು ಬಂದವು. ಕಲ್ಲಿನ ಧೂಳು ಉಸಿರಿನಲ್ಲಿ ಒಳಗೆ ಹೋಗಿ ಶ್ವಾಸಕೋಶ ಗಟ್ಟಿಯಾಗುವುದು. ಅದನ್ನೇ ಟಿ.ಬಿ. ಎಂದು ತಿಳಿದು ವರ್ಷಗಟ್ಟಲೆ ಗುಳಿಗೆ ಕೊಡುವುದು... ಥೀಸಿಸ್ ಮರೆತೆ. ಹನುಮಣ್ಣ ಮಾವನ ಕೆಮ್ಮು ನೆನಪಾಯಿತು. ಅವ್ವನ ತಮ್ಮ. ಸಂಡೂರಿನಲ್ಲಿ ಅದಿರು ಪುಡಿಮಾಡುವ ಕ್ರಷರ್‌ನಲ್ಲಿ ಕೆಲಸ. ಟಿ.ಬಿ. ಗುಳಿಗೆ ನುಂಗುತ್ತಲೇ ಇದ್ದಾನೆ.

ಫೆಬ್ರವರಿ 12

ಸಂಡೂರು. ಓದಿದ್ದನ್ನೆಲ್ಲ ಮಾವನಿಗೆ ಕನ್ನಡದಲ್ಲಿ ಹೇಳಿದೆ.

"ಅಂದ್ರ ನನಗ ಟಿ.ಬಿ. ಅಲ್ಲೇನು ಸುಧಾ?"

"ಗೊತ್ತಿಲ್ಲ ಮಾವ. ದೊಡ್ಡ ಡಾಕ್ಟರ್ ಎಕ್ಸ್‌ರೇ ನೋಡ್ಬೇಕು."

"ಕ್ರಷರ್‌ನ್ಯಾಗ ಎಲ್ಲಾರೂ ಕೆಮ್ತಾರ. ಎಲ್ಲಾರಿಗೂ ಎಕ್ಸ್‌ರೇ ತೆಗಸ್ರಿ ಅಂತ ಕೇಳ್ತೀನಿ."

ನನ್ನ ಅಣ್ಣ ಮಾರೇಶ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಅದೇ ಕ್ರಷರ್ ಮಾಲೀಕನ ಟಿಪ್ಪರ್ ಲಾರಿ ಓಡಿಸುತ್ತಾನೆ. "ನೀ ಓದ್ಕೊಂಡು ಸುಮ್ನಿರು. ನಮ್ಮ ಅನ್ನಕ್ಕ ಕೈ ಹಾಕಬ್ಯಾಡ," ಎಂದ.

ಫೆಬ್ರವರಿ 20, ಸಂಜೆ

ಇವತ್ತಿನದನ್ನು ಬರೆಯಲೇಬೇಕು.

ಬೆಳಿಗ್ಗೆ ಮಾವನ ಜೊತೆ ಕ್ರಷರ್‌ಗೆ ಹೋಗಿದ್ದೆ. ಎಕ್ಸ್‌ರೇ ತೆಗೆಸುವವರೆಗೆ ಕೆಲಸ ಇಲ್ಲ ಎಂದು ಎಲ್ಲರೂ ಕ್ರಷರ್ ನಿಲ್ಲಿಸಿ ಕೂತರು. ಸೂಪರ್‌ವೈಸರ್ ಎರ್ರಿಯಪ್ಪ ಜೀಪಿನಲ್ಲಿ ಬಂದ. ಹಿಂದೆ ಟಿಪ್ಪರ್‌ನಲ್ಲಿ ರಾಡ್ ಹಿಡಿದ ಗಂಡಸರು. ಅವರಲ್ಲಿ ಅಣ್ಣನೂ.

"ಲೇ ಮಾರೇಶಾ, ನಿಮ್ಮ ಮಾವನ್ನ ನೀನ ಎಬ್ಬಸು. ನಾಳಿಂದ ಗಾಡಿ ಬೇಕೋ ಬ್ಯಾಡೋ?"

"ಏಳು ಮಾವ," ಅಂದ ಅಣ್ಣ. ಮಾವ ಏಳಲಿಲ್ಲ. "ನೀ ಸಣ್ಣಾವಿದ್ದಾಗ ಹೆಗಲ ಮ್ಯಾಲೆ ಹೊತ್ತೀನಿ. ಹೊಡಿತೀಯೇನ್ಲೇ?"

ಹೊಡೆದ. ಮೊದಲ ಏಟು ಹೆಗಲಿಗೆ. ಎರಡನೆಯದು ಪಕ್ಕೆಗೆ — ಒಣ ಕಟ್ಟಿಗೆ ಮುರಿದ ಸದ್ದು. ಬಿದ್ದವನ ಎದೆಯನ್ನು ಉಳಿದವರು ಬೂಟಿನಲ್ಲಿ ತುಳಿದರು. ಜನ ದಿಕ್ಕಾಪಾಲಾಗಿ ಓಡಿದರು. ನಾನು ಅದಿರಿನ ಕಲ್ಲು ಎತ್ತಿ ಅಣ್ಣನ ಮುಖಕ್ಕೆ ಎಸೆದೆ. ಹುಬ್ಬು ಸೀಳಿ ರಕ್ತ ಇಳಿಯಿತು. ಇನ್ನೊಂದು ಎತ್ತಿದೆ. ಕೊಲ್ಲಬೇಕೆಂದೇ ಎತ್ತಿದ್ದೆ. ಯಾರೋ ಕೂದಲು ಹಿಡಿದು ಎಳೆದರು...

ಮಾವನ ಬಾಯಲ್ಲಿ ಕೆಂಪು ನೊರೆ.

ಫೆಬ್ರವರಿ 23

ಮಾವ ಹೋದ.

ಮಾರ್ಚ್ 9

ಸರ್ಕಾರಿ ಆಸ್ಪತ್ರೆಯ ರಿಪೋರ್ಟಿನಲ್ಲಿ — ಟಿ.ಬಿ.ಯಿಂದ ಸಾವು. ಪಕ್ಕೆಲುಬಿನ ಮಾತೇ ಇಲ್ಲ.

ಲೈಬ್ರರಿಗೆ ಹೋದೆ. ರಿಬ್ ಫ್ರ್ಯಾಕ್ಚರ್ ಆ್ಯಂಡ್ ಲಂಗ್. ಮುರಿದ ಎಲುಬು ಶ್ವಾಸಕೋಶಕ್ಕೆ ಚುಚ್ಚಿದರೆ ಎಷ್ಟು ಹೊತ್ತಿನಲ್ಲಿ ಏನೇನಾಗುತ್ತದೆ, ಎಲ್ಲವೂ ಇದೆ. ಯಾವುದೋ ದೇಶದವರು ಅಷ್ಟು ಶಾಂತವಾಗಿ ಬರೆದಿದ್ದಾರೆ. ಮಾವ ಆ ಮೂರು ದಿನ ಉಸಿರಿಗೆ ಒದ್ದಾಡಿದ್ದು ಸಾಲುಸಾಲಾಗಿ ಅಲ್ಲಿತ್ತು. ಓದಲಾಗದೆ ಕೀಬೋರ್ಡಿಗೆ ಗುದ್ದಿದೆ. ಬೆರಳ ಗೆಣ್ಣು ಒಡೆಯಿತು. ಮೇಡಂ ಬೈಯಲಿಲ್ಲ. ತಾವೇ ಪ್ರಿಂಟ್ ತೆಗೆದುಕೊಟ್ಟರು.

ಮಾರ್ಚ್ 10, ಮಧ್ಯಾಹ್ನ

ಸ್ಟೇಷನ್. ಇನ್ಸ್‌ಪೆಕ್ಟರ್ ಪ್ರಿಂಟುಗಳನ್ನು ತಿರುವಿ ಪಕ್ಕಕ್ಕಿಟ್ಟ. "ಇದು ಆಮ್ಯಾಲೆ ಡಾಕ್ಟ್ರು ನೋಡ್ಲಿ. ಹೊಡೆದವರನ್ನ ಕಣ್ಣಾರೆ ಕಂಡವ್ರು ಬೇಕು. ಕ್ರಷರ್‌ನವರು ಯಾರೂ ಬಾಯಿ ಬಿಡವಲ್ರು. ನೀ ನೋಡೀಯೇನು?"

"ನೋಡೀನಿ."

"ಮೊದಲು ಹೊಡೆದವ ಯಾರು?"

ಹೊರಗಿನ ಬೆಂಚಿನಲ್ಲಿ ಅವ್ವ ಕೂತಿದ್ದಳು. ಬೆಳಿಗ್ಗೆ ನನ್ನ ಕಾಲು ಹಿಡಿದು ಅತ್ತಿದ್ದಳು: "ತಮ್ಮ ಹೋದ. ಮಗನ್ನೂ ಜೈಲಿಗೆ ಕಳಸ್ತೀಯೇನ ತಾಯಿ?"

ಹೇಳಿದೆ. ಮಾರೇಶ್. ಆಮೇಲೆ ಎರ್ರಿಯಪ್ಪ, ಗುರುತಿದ್ದ ಉಳಿದವರು. ಇನ್ಸ್‌ಪೆಕ್ಟರ್ ಬರೆಯುವುದನ್ನು ನಿಲ್ಲಿಸಿ ಕೇಳಿದ, "ಮಾರೇಶ್ ನಿನಗೇನಾಗಬೇಕು?"

"ಅಣ್ಣ," ಎಂದೆ. ಸಹಿ ಹಾಕಿ ಹೊರಗೆ ಬಂದೆ. ಅವ್ವ ಎದ್ದು ನಿಂತಳು. ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು. ಕೈ ಎತ್ತಿದಳು, ಹೊಡೆಯುತ್ತಾಳೆ ಎಂದುಕೊಂಡೆ. ಆ ಕೈಯಿಂದಲೇ ಸೆರಗೆಳೆದು ನನ್ನ ಒಡೆದ ಬೆರಳಿಗೆ ಸುತ್ತಿದಳು.