ವಧುವಿನ ಗೀಟು

ಚಾಮರಾಜಪೇಟೆಯ ಪ್ರೆಸ್ಸಿನಿಂದ, ಅಕ್ಕನ ಮಗಳು ಮಾನ್ಯಳಿಗೆ ಮಾಮನ ಆಶೀರ್ವಾದ.

ಭಾನುವಾರ ಸಂಪಿಗೆ ರಸ್ತೆಯ ಹೋಟೆಲಿನಲ್ಲಿ ದೋಸೆ ತಣ್ಣಗಾಗುವವರೆಗೂ ನೀನು ನಿನ್ನ ಸಂಶೋಧನೆಯ ಹುರುಳಿಕಾಯಿ ಗಿಡದ ಕತೆ ಹೇಳಿದೆ. ನನ್ನದು ಎಸ್ಸೆಸ್ಸೆಲ್ಸಿ, ಅದೂ ಎರಡನೇ ಸಲಕ್ಕೆ. ಅರ್ಥವಾದದ್ದು ಸರಿಯಿದೆಯಾ ನೋಡು. ಗಿಡದ ಮೈಟೊಕಾಂಡ್ರಿಯಾದೊಳಗೆ ಅದರದೇ ಡಿಎನ್‌ಎ ಇದೆ, ಅದು ಮೂಲ ಅಚ್ಚು. ಅದರಿಂದ ಟಿ-ಆರ್‌ಎನ್‌ಎ ಎಂಬ ಪ್ರತಿ ಬರುತ್ತದೆ. ಪ್ರೋಟೀನು ಕಟ್ಟಲು ಸಾಮಾನು ಹೊರುವ ಹಮಾಲಿ ಅದು. ಅಚ್ಚಿನಲ್ಲಿ ಒಂದು ಕಡೆ ಬೇಡದ ‘ಸಿ’ ಅಕ್ಷರ ಇದೆ. ಗಿಡ ಅಚ್ಚನ್ನು ಮುಟ್ಟುವುದಿಲ್ಲ, ಪ್ರತಿ ಬಂದಾಗಲೆಲ್ಲ ಅದನ್ನು ‘ಯು’ ಎಂದು ತಿದ್ದುತ್ತದೆ. ತಿದ್ದದಿದ್ದರೆ ಮಡಿಕೆ ಸರಿಯಾಗಿ ಕೂರದು, ಹೆಚ್ಚಿನ ಅಂಚು ಕತ್ತರಿಸಿಹೋಗದು, ಹಮಾಲಿ ಕೆಲಸಕ್ಕೆ ಬಾರದು.

ಪ್ರತಿಯಲ್ಲಿ ‘ಯು’ ಕಂಡ ನೀನು, ಯಂತ್ರ ತಪ್ಪು ಓದಿದೆ ಅಂದುಕೊಂಡು ಅಚ್ಚಿಗೆ ಹೊಂದುವಂತೆ ‘ಸಿ’ ಬರೆದಿಟ್ಟೆ. ತಪ್ಪು ಗೊತ್ತಾಗುವಷ್ಟರಲ್ಲಿ ಒಂದು ವರ್ಷದ ಕೆಲಸ ಅದರ ಮೇಲೆ ನಿಂತಿತ್ತು. “ಹೇಳ್ದಿದ್ರೆ ಯಾರ್ಗೂ ಗೊತ್ತಾಗಲ್ಲ ಮಾಮ. ಆದ್ರೂ ಗುರುವಾರ ಗೈಡ್‌ಗೆ ಹೇಳ್ಬಿಡ್ತೀನಿ” ಅಂದೆ. ನಾನು ಮಾತು ತಿರುಗಿಸಿ ಕಾಫಿ ಹೇಳಿದೆ. ಯಾಕೆ ಅಂತ ಈಗ ಬರೆಯುತ್ತೇನೆ.

ನಾನು ಪ್ರೆಸ್ಸು ಶುರುಮಾಡಿದ ವರ್ಷ, ನಗರ್ತಪೇಟೆಯವರ ಮದುವೆ ಕಾರ್ಡು. ಅಚ್ಚಿನ ಬ್ಲಾಕಿನಲ್ಲಿ ‘ವಧು’ ಹೋಗಿ ‘ವದು’ ಆಗಿತ್ತು. ಹೊಸ ಬ್ಲಾಕಿಗೆ ಸಮಯವಿರಲಿಲ್ಲ. ಅಕ್ಷರ ಜೋಡಿಸುವ ಕಂಪೋಸಿಟರ್ ಶಿವಲಿಂಗಯ್ಯ ನನಗೆ ಹೇಳದೆಯೇ, ಐನೂರು ಕಾರ್ಡಿಗೂ ‘ದ’ದ ಕೆಳಗೆ ಪೆನ್ನಿನಲ್ಲಿ ಸಣ್ಣ ಗೀಟು ಕೊಟ್ಟು ‘ಧ’ ಮಾಡಿದ್ದರು. ಬುದ್ಧಿವಂತ ನಾನು ಮಸಿ ಸಿಡಿದಿದೆ ಅಂದುಕೊಂಡು, ಬ್ಲೇಡು ಹಿಡಿದು ನಲವತ್ತು ಹೆರೆದುಹಾಕಿದೆ. “ಸಾಮಿ, ಅದು ಮಸಿ ಅಲ್ಲ, ನಾನ್ ಕೊಟ್ಟಿದ್ ಗೀಟು” ಅಂತ ಅವರು ಬರುವಷ್ಟರಲ್ಲಿ ಹುಡುಗಿಯ ಅಪ್ಪ ಬಾಗಿಲಲ್ಲಿದ್ದರು. ಯಾರು ಕೆರೆದದ್ದು ಎಂದು ಕೇಳಿದರು. ನಾನು ಶಿವಲಿಂಗಯ್ಯನವರ ಕಡೆ ಕೈ ತೋರಿಸಿದೆ. ಅವರು ತಪ್ಪು ತಮ್ಮದೇ ಎನ್ನುವಂತೆ ಕೂತು ನಲವತ್ತಕ್ಕೂ ಮತ್ತೆ ಗೀಟು ಹಾಕಿದರು.

ಇಪ್ಪತ್ತೆಂಟು ವರ್ಷವಾಯಿತು. ನಿನ್ನದೇ ತಪ್ಪು ನನ್ನದೂ. ಆದರೆ ನಿನ್ನ ವಯಸ್ಸಿನಲ್ಲಿ ನಿನಗಿರುವ ಎದೆಗಾರಿಕೆ ನನಗಿರಲಿಲ್ಲ.

ಗುರುವಾರ ನೀನು ಗೈಡ್ ರೂಮಿನೊಳಗೆ ಹೋಗುವ ಹೊತ್ತಿಗೆ ನಾನು ಶೇಷಾದ್ರಿಪುರಂನಲ್ಲಿ ಶಿವಲಿಂಗಯ್ಯನವರ ಮನೆ ಬಾಗಿಲು ತಟ್ಟುತ್ತಿರುತ್ತೇನೆ. ಮೊದಲು ಏನು ಹೇಳಬೇಕು ಅಂತ ನಿನಗೆ ಹೊಳೆದರೆ ಬುಧವಾರವೇ ಫೋನ್ ಮಾಡು.

ನಿನ್ನ ಕೈ ತಿದ್ದಿದ್ದೆಲ್ಲ ಸರಿಯಾಗಲಿ, ತಾಯಿ.

ನಿನ್ನಿಂದ ಕಲಿತ ಮಾಮ,
ಮಹಾನಂದ