ವಿಮಾನ ಹತ್ತಬಾರದು

೬ ಫೆಬ್ರವರಿ ೨೦೧೭, ಬೆಳಿಗ್ಗೆ ೧೧
ಡ್ರಾಪ್ಸ್ ಹಾಕಿ ಆಯಿತು. ಮತ್ತೆ ಮುಖ ಕೆಳಗೆ. ರೆಟಿನಾ ಆಪರೇಷನ್ ಆಗಿ ನಾಲ್ಕನೇ ದಿನ. ಎಡಗಣ್ಣಿನೊಳಗೆ ಗ್ಯಾಸ್ ತುಂಬಿದ್ದಾರೆ. ಬೋರಲಾಗಿಯೇ ಇರಬೇಕು. ಬರೆಯುವುದಕ್ಕೇನೋ ಅನುಕೂಲ.

ಮಣಿಕಟ್ಟಿಗೆ ಹಸಿರು ಪಟ್ಟಿ – ವಿಮಾನ ಹತ್ತಬಾರದು. ಮೇಲೆ ಹೋದರೆ ಗ್ಯಾಸ್ ಹಿಗ್ಗಿ ಕಣ್ಣೇ ಹೋಗಬಹುದಂತೆ. ಗ್ಯಾಸ್ ಕರಗಲು ಮಾರ್ಚ್ ಆಗುತ್ತದೆ. ಮಗಳು ಭಾವನಾಳ ಮದುವೆ ಇದೇ ಇಪ್ಪತ್ತಾರಕ್ಕೆ, ಲಖನೌನಲ್ಲಿ. ಅಲ್ಲಿ ಬ್ಯಾಂಕ್ ಆಫೀಸರ್ ಅವಳು. ಹುಡುಗನೂ ಅದೇ ಬ್ರಾಂಚು. ನನ್ನ ಟಿಕೆಟ್ ಕ್ಯಾನ್ಸಲ್. ಹೆಂಡತಿ ಗೋದಾ ಒಬ್ಬಳೇ ಹೋಗುತ್ತಾಳೆ.

ಒಬ್ಬಳೇ ಮಗಳು. ಆದರೂ ಗೋದಾ ಎಷ್ಟು ಬೇಗ ಒಪ್ಪಿಕೊಂಡಳು! ಅತ್ತಿದ್ದರೆ ನಂಬುತ್ತಿದ್ದೆ…

೮ ಫೆಬ್ರವರಿ
ಮೂವತ್ತು ವರ್ಷ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೈಮ್ ಹಿಡಿದವನು ನಾನು. ಆರ್.ಟಿ. ನಗರದ ಇನ್ನೊಂದು ಕಣ್ಣಿನ ಕ್ಲಿನಿಕ್‌ಗೆ ಫೋನ್ ಮಾಡಿದೆ – ಬೇರೆ ಹೆಸರಿನಲ್ಲಿ. ಅವರೂ ಅದನ್ನೇ ಹೇಳಿದರು. ವಿಮಾನ ಬೇಡವೇ ಬೇಡ.

ಸರಿ, ಡಾಕ್ಟರ್ ಸುಳ್ಳು ಹೇಳಿಲ್ಲ.

ಊಟಕ್ಕೆ ಕರೆಯಲು ಗೋದಾ ಬಂದಾಗ ಕೇಳಿದೆ, "ಟ್ರೇನಲ್ಲಿ ಹೋದ್ರೆ?"

"ಕುಲುಕಾಟ ಆಗ್ಬಾರ್ದಂತೆ ರೀ. ಯಾವ ಪ್ರಯಾಣಾನೂ ಬೇಡ ಅಂದ್ರು."

ನನಗೆ ಕಂಡದ್ದು ಅವಳ ಪಾದ ಮಾತ್ರ. ಹೆಬ್ಬೆರಳು ನೆಲ ಕೆರೆಯುತ್ತಿತ್ತು.

೧೧ ಫೆಬ್ರವರಿ
ಯಲಹಂಕದಲ್ಲಿ ಏರ್ ಶೋ ಪ್ರಾಕ್ಟೀಸು. ಸಂಜಯನಗರದ ನಮ್ಮ ಮನೆ ತನಕ ಸದ್ದು. ಗೋದಾ ಬಾಲ್ಕನಿಯಲ್ಲಿ ಭಾವನಾ ಜೊತೆ ಫೋನಿನಲ್ಲಿ. ಎರಡು ಜೆಟ್‌ಗಳ ನಡುವೆ ಒಂದೇ ಮಾತು ಕೇಳಿಸಿತು.

"ಅವರಿಗೆ ಗೊತ್ತಾಗಲ್ಲ ಕಣೇ. ನೀನು ಆರಾಮಾಗಿರು."

ಏನು ಗೊತ್ತಾಗಲ್ಲ?

೧೪ ಫೆಬ್ರವರಿ, ಸಂಜೆ
ಹೆಬ್ಬಾಳದಲ್ಲಿ ಚೆಕಪ್. ಇನ್ನು ತಲೆ ಎತ್ತಬಹುದು. ಅರ್ಧ ತುಂಬಿದ ಲೋಟದ ನೀರಿನಂತೆ ಕಣ್ಣೊಳಗೆ ಒಂದು ಗೆರೆ ತುಳುಕುತ್ತದೆ.

ಗೋದಾ ಔಷಧಿ ತರಲು ಹೋದಳು. ಇದೇ ಸಮಯ ಎಂದು ಡಾಕ್ಟರನ್ನು ಟ್ರೇನಿನ ವಿಷಯ ಕೇಳಿದೆ.

"ಟ್ರೇನ್ ಆಗ್ಬಹುದು ಸರ್. ಭಾರ ಎತ್ತಬೇಡಿ, ಡ್ರಾಪ್ಸ್ ತಪ್ಪಿಸ್ಬೇಡಿ, ಅಷ್ಟೇ. ಮೇಡಂಗೆ ಅವತ್ತೇ ಹೇಳಿದ್ನಲ್ಲ?"

ಸುಳ್ಳು ಹೇಳಿದ್ದು ಗೋದಾ. ಹಿಡಿದೆ. ಆದರೆ ಹಿಡಿದ ಖುಷಿ ಯಾಕೋ ಬರಲಿಲ್ಲ.

೧೫ ಫೆಬ್ರವರಿ
ಕೇಳಿಯೇಬಿಟ್ಟೆ. ಗೋದಾ ಸೌಟು ಕೆಳಗಿಟ್ಟಳು.

"ಹುಡುಗ ಅವರಮ್ಮನ್ನ ಕರ್ಕೊಂಡು ಇಲ್ಲಿಗೇ ಬಂದಾಗ ಏನ್ ಮಾಡಿದ್ರಿ? ಸ್ಯಾಲರಿ ಸ್ಲಿಪ್ ತೋರ್ಸು ಅಂದ್ರಿ. ಅವನ ಮನೆ ಓನರ್‌ಗೆ ಫೋನ್ ಮಾಡಿ, ಯಾರ್‍ಯಾರು ಬರ್ತಾರೆ ಹೋಗ್ತಾರೆ ಅಂತ ವಿಚಾರಿಸಿದ್ರಿ. ಆಯಮ್ಮ ನಮ್ ಸೋಫಾ ಮೇಲೆ ಕೂತು ಅತ್ತಿದ್ದು ಮರ್ತ್‌ಹೋಯ್ತಾ?"

"ಮಗಳ ಒಳ್ಳೇದಕ್ಕೆ ತಾನೇ…"

"ಅವಳೇ ಹೇಳಿದ್ದು, ಅಪ್ಪ ಬರೋದು ಬೇಡ ಅಂತ. ನಿಮ್ಮ ಕಣ್ಣು ನೆಪ ಆಯ್ತು."

೧೯ ಫೆಬ್ರವರಿ
ಮೂರು ದಿನ ಏನೂ ಬರೆಯಲಿಲ್ಲ.

ಇಂದು ಭಾವನಾಗೆ ನಾನೇ ಫೋನ್ ಮಾಡಿದೆ. "ಟ್ರೇನಲ್ಲಿ ಬರಬಹುದಂತೆ. ಬರಲಾ?"

 

"ಕಣ್ಣು ಹೇಗಿದೆ ಅಪ್ಪ?"

"ಪರವಾಗಿಲ್ಲ."

"ಬಾ. ಆದ್ರೆ ಯಾರನ್ನೂ ಏನೂ ಕೇಳ್ಬೇಡ. ಒಂದು ಪ್ರಶ್ನೆನೂ."

ಆಗಲಿ ಎಂದೆ.

೨೨ ಫೆಬ್ರವರಿ, ಮಧ್ಯಾಹ್ನ
ಯಶವಂತಪುರ. ತತ್ಕಾಲ್‌ನಲ್ಲಿ ಎರಡು ಬರ್ತ್ ಸಿಕ್ಕಿತು. ಗೋದಾ ವಿಮಾನ ಬಿಟ್ಟು ಜೊತೆಗೆ ಬಂದಿದ್ದಾಳೆ. ನನ್ನ ಮೇಲಿನ ಪ್ರೀತಿಗೋ ಕಾವಲಿಗೋ… ಕೇಳುವುದಿಲ್ಲ.

೨೪ ಫೆಬ್ರವರಿ
ಲಖನೌ ಇನ್ನೇನು ಬಂತು. ಅಳಿಯನ ಮೆಸೇಜು: ಸ್ಟೇಷನ್ನಿಗೆ ತಾನೊಬ್ಬನೇ ಬರುತ್ತಾನಂತೆ. ಒಬ್ಬನೇ ಯಾಕೆ? ಭಾವನಾಗೆ ಏನಾಗಿದೆ? ಗೋದಾಳಿಗೆ ತೋರಿಸಿದೆ. ನನ್ನನ್ನೇ ನೋಡಿದಳು. ಫೋನ್ ಜೇಬಿಗಿಟ್ಟೆ.

ವೇಗ ಇಳಿಯುತ್ತಿದೆ. ಪ್ಲಾಟ್‌ಫಾರ್ಮು. ಅವನೇ ಇರಬೇಕು – ಕಿಟಕಿಗಳನ್ನು ಹುಡುಕುತ್ತಾ ನಮ್ಮ ಬೋಗಿಯ ಜೊತೆಗೇ ಓಡಿ ಬರುತ್ತಿದ್ದಾನೆ. ಮುಂದೆ ಏನನ್ನೋ ತಳ್ಳುತ್ತಿದ್ದಾನೆ… ವೀಲ್‌ಚೇರು. ನನಗೆ! ಅಯ್ಯೋ, ಆಪರೇಷನ್ ಆಗಿದ್ದು ಕಣ್ಣಿಗೆ ಕಣೋ, ಕಾಲಿಗಲ್ಲ—